ಅಮ್ಮತ್ತಿ ಟೆಂಟಿನಲ್ಲಿ ಹಾಡು ಬಂದಾಗ

ಸಿನಿಮಾದಲ್ಲಿ ಹೊಡೆದಾಟ ಬಂದರೆ ನಮ್ಮ ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು, ಉದ್ದುದ್ದ ಮಾತು ಬಂದರೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಆದರೆ ಹಾಡು ಶುರುವಾಯಿತೋ, ಅಲ್ಲಿಗೆ ಮುಗೀತು! ಏನಾದರೂ ಒಂದು ರಂಪ ಆಗಲೇಬೇಕು. ಪರದೆ ಮೇಲಿನ ಕಥೆಗಿಂತ ಪರದೆ ಮುಂದಿನ ಕಥೆಯೇ ಯಾವಾಗಲೂ ದೊಡ್ಡದು. ಇದು ಅವರಿವರು ಹೇಳಿ ನಾನು ಕೇಳಿದ್ದಲ್ಲ. ಹೆಂಗಸರ ಕಡೆ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಟಿಕೆಟ್ ಹರಿಯುತ್ತಿದ್ದವಳೇ ನಾನು.

ಕೊಡಗು ಆಗ ಇನ್ನೂ ಬೇರೆ ರಾಜ್ಯ. ನಮ್ಮ ಮಂತ್ರಿಗಳು ಮಡಿಕೇರಿಯಲ್ಲೇ ಕೂರುತ್ತಿದ್ದರು, ನಮ್ಮ ಸಿನಿಮಾ ಅಮ್ಮತ್ತಿಯಲ್ಲಿ ಕೂರುತ್ತಿತ್ತು. ನಾನು ಹಾಸನದ ಕಡೆಯಿಂದ ಮದುವೆಯಾಗಿ ಬಂದವಳು. ಓದು ಅಂದರೆ ಅಕ್ಷರ ಕೂಡಿಸೋ ಅಷ್ಟು. ಟಿಕೆಟ್ ಹರಿಯೋದಕ್ಕೆ ಅದೂ ಬೇಡ, ಕಣ್ಣು ಕಿವಿ ಸರಿಯಿದ್ದರೆ ಸಾಕು. ಅವೆರಡನ್ನೂ ದೇವರು ನನಗೆ ಧಾರಾಳವಾಗಿ ಕೊಟ್ಟಿದ್ದ. ಯಾರ ಮನೆ ಸೊಸೆ ಯಾರ ಪಕ್ಕ ಕೂತಳು, ಯಾರು ಗಂಡಸರ ಕಡೆಯ ತಟ್ಟಿ ಸಂದಿಯಲ್ಲಿ ಇಣುಕಿದರು, ಎಲ್ಲ ನನ್ನ ಹತ್ತಿರ ಜಮೆ.

ಟೆಂಟಿನ ಯಜಮಾನ ಕಣ್ಣೂರಿನ ಕಡೆಯವನು. ಊರೆಲ್ಲ ಅವನನ್ನು ಮುದಲಾಳಿ ಅನ್ನುತ್ತಿತ್ತು, ಅವನು ನನ್ನನ್ನು ಚೇಚಿ ಅನ್ನುತ್ತಿದ್ದ, ಅಂದರೆ ಅವರ ಕಡೆ ಅಕ್ಕ. ಪಾಪ, ಅವನ ಹೊಟ್ಟೆಪಾಡೆಲ್ಲ ಒಂದು ಗದ್ದೆ ಮೇಲೆ ನಿಂತಿತ್ತು. ಅಮ್ಮತ್ತಿ ಸುತ್ತ ಎಲ್ಲಿ ನೋಡಿದರೂ ಏರು ಇಳಿಜಾರು, ಕಾಫಿ ಗಿಡ. ಟೆಂಟ್ ಹಾಕೋ ಅಷ್ಟು ಸಮತಟ್ಟು ಜಾಗ ಅಂದರೆ ಕೊಯ್ಲು ಮುಗಿದ ಗದ್ದೆ ಮಾತ್ರ. ಕೊಯ್ಲಿನಿಂದ ಮಳೆ ಹಿಡಿಯೋವರೆಗೆ ಅಲ್ಲಿ ಸಿನಿಮಾ. ಆ ಗದ್ದೆ ತಪ್ಪಿತೋ, ಮುದಲಾಳಿ ಮೆಷೀನು ಹೊತ್ತುಕೊಂಡು ಕಣ್ಣೂರಿಗೆ ನಡೆಯಬೇಕು, ನಾನು ಮನೆಯಲ್ಲಿ ಗೋಡೆ ನೋಡಿಕೊಂಡು ಕೂರಬೇಕು.

ಗದ್ದೆ ಸಾವ್ಕಾರ್ರದ್ದು. ಅವರ ಮನೆ ಗದ್ದೆಗೆ ತಾಗಿಕೊಂಡೇ, ಏರಿನ ಮೇಲೆ. ಮಕ್ಕಳಿಲ್ಲ, ಗಂಡ ಹೆಂಡತಿ ಇಬ್ಬರೇ. ಸಾವ್ಕಾರ್ರ ಮೀಸೆ ದಪ್ಪ, ಮಾತು ಅದಕ್ಕಿಂತ ದಪ್ಪ. ಸಿನಿಮಾ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಆದರೂ ಗದ್ದೆ ಯಾಕೆ ಕೊಟ್ಟರು ಅಂದರೆ, ಕಡ್ಲೆಕಾಯಿ ಸಿಪ್ಪೆ, ಎತ್ತಿನಗಾಡಿಗಳ ಸಗಣಿ ಎಲ್ಲ ಬಿದ್ದು ಪುಕ್ಕಟೆ ಗೊಬ್ಬರ ಆಗುತ್ತದೆ ಅಂತ! ಕೊಡುವಾಗಲೇ ಹೇಳಿಬಿಟ್ಟಿದ್ದರು: “ನೋಡು ಮುದಲಾಳಿ, ದೂರು ಅಂತ ನನ್ನ ಜಗಲಿ ಹತ್ತಿದರೆ ಯಾರಾದರೂ, ನೀನು ಗೂಟ ಕೀಳಬೇಕು.”

ದೂರು ಬಾರದೆ ಇರುತ್ತದೆಯೇ, ನಮ್ಮ ಊರಲ್ಲಿ?

ಭಜನೆಗೆ ಹೋದವರು

ಮೊದಲನೇ ರಂಪ ಸಾವ್ಕಾರ್ರ ಮನೆಯಿಂದಲೇ ಎದ್ದಿತು. ಅವರ ಹೆಂಡತಿ, ಸಾವ್ಕಾರಮ್ಮ, ಸಂಜೆಯಾದರೆ ತಲೆ ಮೇಲೆ ಸೆರಗು ಹೊದ್ದುಕೊಂಡು ಹೊರಡುತ್ತಿದ್ದರು. ಗಂಡನಿಗೆ ಹೇಳೋದು “ಭಜನೆಗೆ ಹೋಗಿ ಬರ್ತೇನೆ” ಅಂತ. ಮನೆ ಹಿಂದಿನ ಕಟ್ಟೆ ಇಳಿದು, ತೋಡಿನ ಸಣ್ಣ ನೀರು ದಾಟಿ, ಸೀದಾ ನನ್ನ ಬಾಗಿಲಿಗೆ! ನಾನೂ ಏನೂ ಕಾಣದವಳ ಹಾಗೆ ಒಳಗೆ ಬಿಡುತ್ತಿದ್ದೆ. ಅಂಥ ಗುಟ್ಟನ್ನು ನಾನು ಯಾರಿಗೂ ಹೇಳಿದವಳಲ್ಲ. ಪಕ್ಕದ ಮನೆಯವಳೊಬ್ಬಳಿಗೆ ಬಿಟ್ಟು.

ಆ ವಾರದ ಸಿನಿಮಾದಲ್ಲಿ ಒಂದು ಉಯ್ಯಾಲೆ ಹಾಡು. ಹುಡುಗಿ ಮಾವಿನ ಮರದ ಕೆಳಗೆ ಉಯ್ಯಾಲೆ ತೂಗಿಕೊಂಡು ಹಾಡುತ್ತಾಳೆ, ಅವಳ ಜಡೆಯಿಂದ ಒಂದೊಂದೇ ಹೂವು ಬೀಳುತ್ತೆ, ಕೆಳಗೆ ಅವನು ಒಂದೊಂದೇ ಆರಿಸಿಕೊಳ್ಳುತ್ತಾನೆ. ಅಬ್ಬಬ್ಬಾ! ದಿನವೂ ಜನ ಟವೆಲ್ ಬೀಸಿ “ಒನ್ಸ್ ಮೋರ್!” ಅಂತ ಕೂಗೋದು, ಆಪರೇಟರ್ ರೀಲು ಹಿಂದಕ್ಕೆ ಸುತ್ತಿ ಇನ್ನೊಂದು ಸಲ ಹಾಕೋದು. ಆವತ್ತು ಮಾತ್ರ ಆಪರೇಟರ್ ಪೆಟ್ಟಿಗೆಯಿಂದ ತಲೆ ಹೊರಗೆ ಹಾಕಿ, “ರೀಲು ಸವೆದಿದೆ, ಇನ್ನು ಸುತ್ತಿದರೆ ಹರಿದುಹೋಗ್ತದೆ” ಅಂದುಬಿಟ್ಟ. ಟೆಂಟೆಲ್ಲ ಗಪ್‌ಚುಪ್.

ಆ ಮೌನದಲ್ಲಿ ಹೆಂಗಸರ ಕಡೆಯಿಂದ ಒಂದು ದನಿ ಎದ್ದಿತು ನೋಡಿ! ತೋಟದ ಈ ತುದಿಯಲ್ಲಿ ನಿಂತು ಆ ತುದಿಯ ಆಳನ್ನು ಕರೆದು ಪಳಗಿದ ದನಿ.

“ಏಯ್ ಆಪರೇಟರ್! ಹರಿದರೆ ಹರೀಲಿ, ಹಾಕೋ! ಆ ಹುಡುಗಿ ಇನ್ನೂ ಉಯ್ಯಾಲೆಯಿಂದ ಇಳಿದೇ ಇಲ್ಲ!”

ಟೆಂಟು ಅಂದರೆ ಏನು, ಬಟ್ಟೆ ತಾನೆ? ಏರಿನ ಮೇಲೆ ಜಗಲಿಯಲ್ಲಿ ಕೂತಿದ್ದ ಸಾವ್ಕಾರ್ರಿಗೆ ಹೆಂಡತಿ ದನಿ ಗೊತ್ತಾಗದೆ ಇರುತ್ತದೆಯೇ? ದಡದಡ ಇಳಿದು ಬಂದವರು ನನ್ನ ಮುಂದೆ ನಿಂತರು. ನಾನು ಸ್ಟೂಲಿನಿಂದ ಎದ್ದು, “ಒಳಗೆ ಬರೀ ಹೆಂಗಸರು ಸಾವ್ಕಾರ್ರೇ” ಅಂದೆ. ಅವರು ನನ್ನನ್ನು ನೋಡಲೂ ಇಲ್ಲ. ಟೆಂಟಿನ ಬಟ್ಟೆಗೆ ಬಾಯಿ ತಾಗಿಸಿ ಕೇಳಿದರು:

“ಏನೇ, ಭಜನೆ ಜೋರಾಗಿ ನಡೀತಾ ಇದೆಯಾ?”

ಸಾವ್ಕಾರಮ್ಮ ಕೂತಲ್ಲಿಂದಲೇ ಹೇಳಿದರು:

“ಹೂಂ ರೀ, ಮಂಗಳಾರತಿ ಒಂದು ಬಾಕಿ. ಒಲೆ ಮೇಲೆ ಗಂಜಿ ಇಟ್ಟಿದ್ದೇನೆ, ಉಕ್ಕದ ಹಾಗೆ ನೋಡ್ಕೊಳ್ಳಿ!”

ಕರ್ಪೂರ

ಆಮೇಲೆ ಸಾವ್ಕಾರಮ್ಮ ರಾಜಾರೋಷವಾಗಿ ಬರತೊಡಗಿದರು. ಸಾವ್ಕಾರ್ರು ಮುದಲಾಳಿಯನ್ನು ಕರೆಸಿ, “ನನ್ನ ಮನೆಯನ್ನೇ ಕೆಡಿಸಿದೆ. ಇದನ್ನ ದೂರು ಅಂತ ಲೆಕ್ಕಕ್ಕೆ ಹಿಡಿದರೆ ನನಗೇ ನಾಚಿಕೆ. ಬಿಟ್ಟಿದ್ದೇನೆ, ಹೋಗು” ಅಂದರು. ಮುದಲಾಳಿ ಹೆದರಿ ಹೇಳಿದ: “ಚೇಚಿ, ಇನ್ನು ಪ್ರೇಮ ಗೀಮ ಬೇಡ. ದೇವರ ಸಿನಿಮಾ ತರಿಸ್ತೇನೆ. ದೇವರಿಂದ ಎಂತ ತೊಂದರೆ?”

ಎಂತ ತೊಂದರೆ ಅಂದರೆ, ನಮ್ಮ ಜನಕ್ಕೆ ದೇವರನ್ನು ಕಂಡರೆ ಸುಮ್ಮನೆ ಕೂರೋದಕ್ಕೆ ಬರೋದಿಲ್ಲ.

ಕಥೆ ಕಣ್ಣಿಲ್ಲದ ಒಬ್ಬ ಭಕ್ತನದ್ದು. ಅವನು ಹಾಡುತ್ತಾ ಹಾಡುತ್ತಾ ಅಳುತ್ತಾನೆ, ಹಾಡಿನ ಕೊನೆಯಲ್ಲಿ ದೇವರು ಪ್ರತ್ಯಕ್ಷ ಆಗುತ್ತಾನೆ. ಮೊದಲ ದಿನವೇ ಸುದ್ದಿ ಹರಡಿತು. ನೆಲ್ಯಹುದಿಕೇರಿ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬಂದರು, ಕೈಯಲ್ಲಿ ಕಾಯಿ, ಹೂವು, ಊದುಕಡ್ಡಿ! ದೇವರು ಬಂದ ಕೂಡಲೇ ಇಡೀ ಟೆಂಟು ಎದ್ದು ಚಪ್ಪಲಿ ಬಿಟ್ಟಿತು. ಎಸ್ಟೇಟಿನ ಕೂಲಿಯವರ ಲೈನುಮನೆಯಿಂದ ಬಂದಿದ್ದ ಒಬ್ಬಳು ತಮಿಳು ಪಾಟಿ, ಹಣ್ಣು ಹಣ್ಣು ಮುದುಕಿ, ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ಪರದೆ ಹತ್ತಿರ ಹೋಗೇಬಿಟ್ಟಳು. ದೇವರ ಪಾದದಿಂದ ಆರತಿ ಎತ್ತಿದಳು, ಮಂಡಿವರೆಗೆ ಬಂದಳು, ಅಷ್ಟರಲ್ಲಿ ಪರದೆಗೆ ಬೆಂಕಿ ಹತ್ತಿಕೊಂಡಿತು!

ಮುದಲಾಳಿ “ಎಂಡೆ ಅಮ್ಮೇ!” ಅಂತ ತಲೆ ಮೇಲೆ ಕೈ ಹೊತ್ತುಕೊಂಡ. ಪಾಟಿ ಮಾತ್ರ ಗಾಬರಿಯಾಗದೆ ಕಾಯಿ ಒಡೆದು ನೀರು ಎರಚಿದಳು. ಬೆಂಕಿ ಆರಿತು, ದೇವರ ಮಂಡಿಯಲ್ಲಿ ಮೊರದಷ್ಟು ಅಗಲದ ತೂತು ಉಳಿಯಿತು.

ಹಾಡು ನಿಲ್ಲಲಿಲ್ಲ. ಮೆಷೀನಿನ ಬೆಳಕು ಆ ತೂತಿನಿಂದ ಹಿಂದಕ್ಕೆ ಹಾದು, ಗದ್ದೆಯಲ್ಲಿ ಕಟ್ಟಿದ್ದ ಸಾವ್ಕಾರ್ರ ಹಸುವಿನ ಮುಖಕ್ಕೆ ಸರಿಯಾಗಿ ಬಿತ್ತು. ಮೇಲೆ ದೇವರು ಅಭಯಹಸ್ತ ತೋರಿಸ್ತಾ ಇದ್ದಾನೆ, ಮಂಡಿಯೊಳಗೆ ಹಸು ಹುಲ್ಲು ಮೆಲ್ಲುತ್ತಾ ಜನರನ್ನು ನೋಡ್ತಾ ಇದೆ! ಪಾಟಿ ಅದಕ್ಕೂ ಅಡ್ಡಬಿದ್ದಳು, ಅವಳ ಹಿಂದೆ ಎಲ್ಲರೂ ಅಡ್ಡಬಿದ್ದರು.

ಬೆಳಗ್ಗೆ ಹಸು ಬೆದರಿ ಹಾಲು ಇಳಿಸಲಿಲ್ಲ ಅಂತ ಸಾವ್ಕಾರ್ರು ಬೈದರು. ಮುದಲಾಳಿ ತನ್ನ ಪಂಚೆಯ ತುಂಡು ಹಾಕಿ ತೂತು ಹೊಲಿಸಿದ. ಅದಕ್ಕೆ ಜನ ಸಿಟ್ಟಾದರು. ಸಂಜೆ ಬಾಗಿಲಲ್ಲಿ ಬಂದವರೆಲ್ಲ ನನ್ನನ್ನು ಕೇಳಿದ್ದು ಒಂದೇ: “ಇವತ್ತು ಹಸು ಇಲ್ಲವಾ? ಹಾಗಾದರೆ ಟಿಕೆಟ್ ಬೇಡ.”

ರುಬ್ಬುವ ಕಲ್ಲಿನ ಹಾಡು

ದೇವರೂ ಬೇಡ ಅಂತ ಮುದಲಾಳಿ ಸಂಸಾರದ ಸಿನಿಮಾ ತಂದ. ಅಲ್ಲಿಗೆ ಊರಿನ ಸಂಸಾರಗಳು ಕೆಟ್ಟವು!

ಅದರಲ್ಲಿ ಒಬ್ಬಳು ಸೊಸೆ. ತುಂಬಿದ ಬಸುರಿ, ರುಬ್ಬುವ ಕಲ್ಲಿನ ಮುಂದೆ ಕೂತು, ರುಬ್ಬುತ್ತಾ ತವರನ್ನು ನೆನೆದು ಹಾಡುತ್ತಾಳೆ. ಅತ್ತೆ ಹಿಂದಿನಿಂದ ಬಂದು ಇನ್ನೊಂದು ಪಾತ್ರೆ ಅಕ್ಕಿ ತಂದು ಸುರಿಯುತ್ತಾಳೆ. ಹಾಡಿನ ಪ್ರತಿ ಚರಣಕ್ಕೂ ಒಂದೊಂದು ಪಾತ್ರೆ! ಹೆಂಗಸರ ಕಡೆ ಸೆರಗೆಲ್ಲ ಒದ್ದೆ.

ಅಮ್ಮತ್ತಿ ಪೇಟೆಯಲ್ಲಿ ಜವಳಿ ಅಂಗಡಿಯವರ ಮನೆ ಅತ್ತೆ ಸೊಸೆ ಜತೆಯಾಗಿ ಬಂದಿದ್ದರು. ಎರಡನೇ ಚರಣಕ್ಕೆ ಸೊಸೆ ಬಿಕ್ಕೋದಕ್ಕೆ ಶುರುಮಾಡಿದಳು. ಮೂರನೇ ಚರಣಕ್ಕೆ ಗೋಳೋ ಅಂತ ಅತ್ತಳು. ಸುತ್ತ ಕೂತವರೆಲ್ಲ ಪರದೆ ಬಿಟ್ಟು ಅತ್ತೆ ಮುಖ ನೋಡತೊಡಗಿದರು. ಒಬ್ಬಳು “ಚ್ಚು, ಚ್ಚು” ಅಂದಳು. ನಾನೂ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದೆ, ಚೆನ್ನಾಗಿ ಕಾಣಲಿ ಅಂತ.

ಅತ್ತೆಗೆ ಸಹಿಸಲಾಗಲಿಲ್ಲ. ಎದ್ದು ನಿಂತು ಕೂಗಿದರು: “ಎಂತಕ್ಕೆ ಎಲ್ಲ ನನ್ನ ನೋಡ್ತೀರಿ? ನಮ್ಮ ಮನೇಲಿ ರುಬ್ಬೋದು ನಾನು! ಇವಳು ಮದುವೆಯಾಗಿ ಬಂದ ಮೇಲೆ ಕಲ್ಲು ಯಾವ ದಿಕ್ಕಿಗೆ ತಿರುಗ್ತದೆ ಅಂತ ಕೂಡ ನೋಡಿದವಳಲ್ಲ! ಕೇಳಿ ಬೇಕಾದರೆ!”

ಯಾರೋ ಸೊಸೆಯನ್ನು ಕೇಳಿದರು, “ಹಾಗಾದರೆ ಯಾಕಮ್ಮ ಅಳ್ತೀಯ?”

ಸೊಸೆ ಮೂಗು ಒರೆಸಿಕೊಂಡು ಹೇಳಿದಳು: “ಅಷ್ಟು ಅಕ್ಕಿ ನೋಡಿ ಭಯ ಆಯ್ತು.”

ಕತ್ತರಿ

ಮಾರನೇ ದಿನ ಊರಿನ ಅತ್ತೆಯಂದಿರೆಲ್ಲ ಒಟ್ಟಾಗಿ ಸಾವ್ಕಾರ್ರ ಜಗಲಿ ಹತ್ತಿದರು. ಅವರಿಗೆ ಕಾಫಿ ಮಾಡಿ ಮಾಡಿ ಸಾವ್ಕಾರಮ್ಮನಿಗೆ ಸಂಜೆ ಆಟ ತಪ್ಪಿತು. ಸಾವ್ಕಾರ್ರು ಮುದಲಾಳಿಯನ್ನು ನಿಲ್ಲಿಸಿಕೊಂಡು ಹೇಳಿದರು: “ಇದೇ ಕೊನೆ. ಇನ್ನೊಂದು ದೂರು ಬಂತೋ, ನೀನಾಗಿ ಕಿತ್ತುಕೊಂಡು ಹೋದರೆ ಸರಿ. ಇಲ್ಲದಿದ್ದರೆ ಎತ್ತು ಕಟ್ಟಿ ಟೆಂಟಿನ ಮೇಲೇ ಉಳ್ತೇನೆ.”

ಮುದಲಾಳಿ ಮಂಕಾಗಿ ನನ್ನ ಸ್ಟೂಲಿನ ಪಕ್ಕ ಕುಕ್ಕರಗಾಲಲ್ಲಿ ಕೂತ. “ಚೇಚಿ, ನಾನು ಯೋಚನೆ ಮಾಡಿದೆ. ತೊಂದರೆ ಎಲ್ಲ ಬರೋದು ಹಾಡಿನಿಂದ. ಹಾಡೇ ಇಲ್ಲದಿದ್ದರೆ?”

“ಹಾಡಿಲ್ಲದ ಸಿನಿಮಾ ಯಾರು ನೋಡ್ತಾರೋ?”

“ಕಥೆ ಇರ್ತದಲ್ಲ!” ಅಂತ ಎದ್ದುಹೋಗಿ ಆಪರೇಟರಿಗೆ ಹೇಳಿ ಹೊಸ ಸಿನಿಮಾದ ಹಾಡುಗಳನ್ನೆಲ್ಲ ಕತ್ತರಿಸಿ ಡಬ್ಬಿಗೆ ಹಾಕಿಸಿಬಿಟ್ಟ.

ಆಟ ಶುರುವಾಯಿತು. ಹುಡುಗಿ ಕೊಡ ಹಿಡಿದು ಕೆರೆಗೆ ಬಂದಳು. ಹುಡುಗ ಸೈಕಲ್ಲಿನಿಂದ ಬಿದ್ದ. ಅವಳು ನಕ್ಕಳು. ಅವನು “ನಿಮ್ಮ ಹೆಸರೇನು?” ಅಂತ ಕೇಳಿದ. ಪರದೆ ಒಂದು ಸಲ ‘ಟಪ್’ ಅಂತ ಹಾರಿತು. ನೋಡಿದರೆ ಅವಳು ತೊಟ್ಟಿಲು ತೂಗುತ್ತಾ ಕೂತಿದ್ದಾಳೆ!

“ಶಿವ ಶಿವಾ!” ಅಂದಿತು ಹೆಂಗಸರ ಕಡೆ. ಗಂಡಸರ ಕಡೆಯಿಂದ ಒಬ್ಬ ಸಿಳ್ಳೆ ಹಾಕಿದ.

ಸಂಗತಿ ಏನು ಅಂದರೆ, ಅವರ ಮದುವೆ, ಮೆರವಣಿಗೆ, ಊಟ, ಬೀಗರು, ಸೀಮಂತ ಎಲ್ಲ ಇದ್ದಿದ್ದು ಒಂದು ಹಾಡಿನೊಳಗೆ! ಹಾಡು ಡಬ್ಬಿಯಲ್ಲಿ, ಮಗು ಪರದೆ ಮೇಲೆ. ಹೆಸರು ಕೇಳಿದ್ದಕ್ಕೇ ಮಗು ಆಯ್ತು ಅಂದುಕೊಂಡು ಮೂರ್ನಾಡಿನ ಕಡೆಯಿಂದ ಬಂದ ಒಬ್ಬಾಕೆ, ಮದುವೆ ವಯಸ್ಸಿಗೆ ಬಂದ ಮಗಳ ಕಣ್ಣು ಮುಚ್ಚಿಸಿ ಎಳೆದುಕೊಂಡು ಹೋದಳು. ಊರಿನ ಹಿರಿಯರು ಅಲ್ಲಿಂದಲೇ ನೇರ ಸಾವ್ಕಾರ್ರ ಜಗಲಿಗೆ ನಡೆದರು. ಮುದಲಾಳಿ ಅವರ ಹಿಂದೆ ಓಡುತ್ತಾ ಕೂಗುತ್ತಿದ್ದ:

“ಮದುವೆ ಆಗಿದೆ ಸ್ವಾಮಿ, ಮದುವೆ ಆಗಿದೆ! ಆಪರೇಟರ್ ಪೆಟ್ಟಿಗೆಯೊಳಗೆ ಆಗಿದೆ!”

ಆ ಮಾತಿಗೆ ಅವರ ಸಿಟ್ಟು ಇನ್ನೂ ಏರಿತು.

ಎರಡು ಗುಂಡು

ಗದ್ದೆ ಹೋಯಿತು ಅಂತಲೇ ಆಯ್ತು. ಭಾನುವಾರದ ಆಟ ಮುಗಿಸಿ ಟೆಂಟು ಬಿಚ್ಚಬೇಕು ಅಂತ ಸಾವ್ಕಾರ್ರ ಅಪ್ಪಣೆ. ಮುದಲಾಳಿ ಊಟ ಬಿಟ್ಟ. ನಾನೂ ಬಿಟ್ಟೆ, ಒಂದು ಹೊತ್ತು. ಕೊನೆಯ ಆಟಕ್ಕಾದರೂ ಜನ ತುಂಬಲಿ ಅಂತ ಅವನು ಒಂದು ದೊಡ್ಡ ಸಿನಿಮಾ ತರಿಸಿ, ಟೆಂಟಿನ ಬಾಗಿಲಲ್ಲಿದ್ದ ಮೈಕಿನ ಹಾರ್ನನ್ನು ಬಿಚ್ಚಿ, ಸಾವ್ಕಾರ್ರ ಮನೆ ಪಕ್ಕದ ಎತ್ತರದ ಹಲಸಿನ ಮರದ ತುದಿಗೆ ಕಟ್ಟಿಸಿದ. ಒಳಗಿನ ಮಾತು, ಹಾಡು ಎಲ್ಲ ಸುತ್ತಿನ ಎಸ್ಟೇಟುಗಳಿಗೆ ಕೇಳಿ ಜನ ಬರಲಿ ಅಂತ.

ಸಾವ್ಕಾರ್ರು ಬೈಯಲಿಲ್ಲ. ಯಾಕೆಂದರೆ ಅವರಿಗೆ ಆ ವಾರ ಜ್ವರ, ಮಲಗಿದ್ದರು. ಊರಿನಲ್ಲಿ ಜ್ವರ ಬಾಯಿಂದ ಬಾಯಿಗೆ ಬೆಳೆದು, “ಸಾವ್ಕಾರ್ರು ಇವತ್ತೋ ನಾಳೆಯೋ” ಅನ್ನುವವರೆಗೆ ಬಂದಿತ್ತು. ನಿಜ ಹೇಳಬೇಕೆಂದರೆ ಭಾನುವಾರದ ಹೊತ್ತಿಗೆ ಜ್ವರ ಬಿಟ್ಟು, ಅವರು ಅಡಿಗೆಮನೆಯಲ್ಲಿ ಒಲೆ ಮುಂದೆ ಕೂತು ಗಂಜಿ ಕುಡಿಯುತ್ತಿದ್ದರು. ಸಾವ್ಕಾರಮ್ಮ ಕೊನೆ ಆಟ ಅಂತ ಸಂಜೆಗೇ ಬಂದು ನನ್ನ ಹತ್ತಿರ ಜಾಗ ಹಿಡಿದಿದ್ದರು.

ನಮ್ಮ ಕೊಡಗಿನಲ್ಲಿ ಮನೆಮನೆಗೆ ಕೋವಿ ಇರುತ್ತದೆ. ಗಂಡು ಹುಟ್ಟಿದರೆ ಒಂದು ಗುಂಡು. ಯಾರಾದರೂ ಸತ್ತರೆ ಒಂದರ ಹಿಂದೆ ಒಂದು ಎರಡು ಗುಂಡು. ಆ ಎರಡು ಕೇಳಿದರೆ ಸುತ್ತಿನವರು ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು, ಬಿಳಿ ಬಟ್ಟೆ ಉಟ್ಟು, ಗುಂಡು ಕೇಳಿದ ಮನೆಗೆ ಬರಬೇಕು. ಮದರಾಸಿನಲ್ಲಿ ಕೂತು ಸಿನಿಮಾ ಮಾಡೋನಿಗೆ ಇದೆಲ್ಲ ಎಲ್ಲಿ ಗೊತ್ತು?

ಪರದೆ ಮೇಲೆ ಖಳನಾಯಕ ಕುದುರೆಯಿಂದ ಇಳಿದ. ನಾಯಕನ ಅಪ್ಪನ ಎದೆಗೆ ಗುರಿಯಿಟ್ಟ. ಢಂ! ಢಂ! ಹಲಸಿನ ಮರದ ತುದಿಯಿಂದ ಸದ್ದು ಇಡೀ ಅಮ್ಮತ್ತಿಯ ಮೇಲೆ ಹಾರಿತು. ಅದರ ಬೆನ್ನಿಗೇ ಹೆಂಡತಿ ಗಂಡನ ಹೆಣದ ಮೇಲೆ ಬಿದ್ದು ಶೋಕದ ಹಾಡು ಎತ್ತಿದಳು. ಅದೆಂಥ ಹಾಡು ಮಾರಾಯ್ರೇ! ಶಹನಾಯಿಯೂ ಅವಳೂ ಪೈಪೋಟಿಯ ಮೇಲೆ ಅಳುತ್ತಿದ್ದರು.

ನಾವು ಒಳಗೆ ಅಳುತ್ತಿದ್ದರೆ, ಹೊರಗೆ ಊರು ಬಿಳಿ ಬಟ್ಟೆ ಉಡುತ್ತಿತ್ತು.

ಹಾಡು ಮುಗಿದರೂ ನಮ್ಮ ಅಳು ಮುಗಿದಿರಲಿಲ್ಲ. ಒಬ್ಬಳು ಏದುಸಿರು ಬಿಡುತ್ತಾ ನನ್ನ ಬಾಗಿಲಿಗೆ ಬಂದು, “ಸಾವ್ಕಾರಮ್ಮ ಇಲ್ಲೇ ಇದ್ದಾರಾ? ಅಯ್ಯೋ, ಸಾವ್ಕಾರ್ರು ಹೋದರಂತೆ!” ಅಂದಳು. ಸಾವ್ಕಾರಮ್ಮನಿಗೆ ಕಣ್ಣೀರು ಹೇಗೂ ಹರಿಯುತ್ತಿತ್ತು, ಅದನ್ನೇ ಮುಂದುವರಿಸಿಕೊಂಡು ಎದ್ದು ಓಡಿದರು. ಇಂಥ ಸಂಗತಿ ನಡೆಯುವಾಗ ಬಾಗಿಲು ಕಾಯೋಳು ಬಾಗಿಲಲ್ಲಿ ಕೂರುತ್ತಾಳೆಯೇ? ನಾನೂ ಓಡಿದೆ.

ಜಗಲಿ ತುಂಬ ಬಿಳಿ ಬಟ್ಟೆ. ಒಳಗೆ ಹಜಾರದಲ್ಲಿ ಸಾವ್ಕಾರ್ರ ತಮ್ಮನ ಹೆಂಡತಿ, ಆ ಮನೆ ಹೊಸಲು ತುಳಿದು ವರ್ಷಗಳಾಗಿದ್ದವು, ನೆಲ ಬಡಿದುಕೊಂಡು “ಅಯ್ಯೋ ಭಾವಾ!” ಅಂತ ಅಳುತ್ತಿದ್ದಳು. ಅಳುವಿನ ನಡುವೆ ಉಸಿರು ತೆಗೆದುಕೊಳ್ಳುವಾಗ, “ಆ ಹಿತ್ತಾಳೆ ದೀಪ ನಮ್ಮ ಅತ್ತೆ ನನಗೇ ಕೊಡ್ತೇನೆ ಅಂದಿದ್ದರು, ಅಯ್ಯೋ ಭಾವಾ!” ಅಂತಿದ್ದಳು. ಸಾವ್ಕಾರ್ರ ಅಕ್ಕನ ಮಗ ಹೆಣ ಎಲ್ಲಿದೆ ಅಂತಲೂ ಕೇಳದೆ ಸೀದಾ ಗೋಡೆಯ ಕೋವಿಗೆ ಕೈ ಹಾಕಿದ್ದ. “ಇದು ನನ್ನ ಪಾಲಿಗೆ. ತೋಡಿನ ಪಕ್ಕದ ಕಾಫಿ ಜಾಗವೂ ಮಾವ ನನಗೇ ಅಂತ ಬಾಯಿಬಿಟ್ಟು ಹೇಳಿದ್ದಾರೆ.”

“ಯಾವಾಗ ಹೇಳಿದ್ದು?” ಅಂದಳು ಅವಳು, ಅಳು ನಿಲ್ಲಿಸಿ.

“ಸಾಯೋ ಮುಂಚೆ!”

ನಿಜವಾಗಿ ಅಳುತ್ತಿದ್ದವನು ಒಬ್ಬನೇ. ಗದ್ದೆ ನೀರಿಗಾಗಿ ಸಾವ್ಕಾರ್ರ ಜತೆ ಹೋದಲ್ಲಿ ಬಂದಲ್ಲಿ ಜಗಳವಾಡುತ್ತಿದ್ದ ಪಕ್ಕದ ಗದ್ದೆಯವನು. ಮೂಲೆಯಲ್ಲಿ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದ. “ಇನ್ನು ನಾನು ಯಾರ ಹತ್ತಿರ ಜಗಳ ಆಡ್ಲಿ?” ಅನ್ನುತ್ತಿದ್ದ ಪಾಪ.

ಆಗ ಅಡಿಗೆಮನೆ ಬಾಗಿಲಲ್ಲಿ ಗಂಜಿ ಬಟ್ಟಲು ಹಿಡಿದುಕೊಂಡು ಸಾವ್ಕಾರ್ರು ನಿಂತರು. ಯಾವಾಗಿನಿಂದ ಕೇಳುತ್ತಿದ್ದರೋ!

“ಕೋವಿ ಕೆಳಗಿಡು ಮಾರಾಯ” ಅಂದರು ಅಕ್ಕನ ಮಗನಿಗೆ. “ಅದರಲ್ಲಿ ಗುಂಡಿಲ್ಲ. ಇದ್ದಿದ್ದರೆ ಇಷ್ಟು ಹೊತ್ತಿಗೆ ನಿಜವಾದ ಸಾವೇ ಒಂದು ಆಗ್ತಿತ್ತು.”

ತಮ್ಮನ ಹೆಂಡತಿ “ಭಾವಾ!” ಅಂತ ಕಿರುಚಿ ಕೂತಲ್ಲೇ ಹಿಂದಕ್ಕೆ ಬಿದ್ದಳು. ಜಗಲಿಯಲ್ಲಿದ್ದವರು ಅಂಗಳಕ್ಕೆ ಹಾರಿದರು. ಪಕ್ಕದ ಗದ್ದೆಯವನು ಮಾತ್ರ ಎದ್ದು ಬಂದು, ಸಾವ್ಕಾರ್ರ ತೋಳು ಮುಟ್ಟಿ ನೋಡಿ, “ಬದುಕಿದ್ದೀಯಾ? ಹಾಗಾದರೆ ನಾಳೆ ಬೆಳಗ್ಗೆ ನೀರು ನನ್ನ ಕಡೆ ಬಿಡಬೇಕು” ಅಂದ. ಸಾವ್ಕಾರ್ರು ಮೊದಲ ಸಲ ನಗುವುದನ್ನು ನಾನು ನೋಡಿದ್ದು ಆಗ. “ಬಿಡ್ತೇನೋ, ಬಾ, ಗಂಜಿ ಕುಡಿ” ಅಂದರು.

ಅಷ್ಟರಲ್ಲಿ ಮುದಲಾಳಿ ಓಡಿಬಂದು ಅವರ ಕಾಲು ಹಿಡಿದ. “ತಪ್ಪಾಯ್ತು ಸಾವ್ಕಾರ್ರೇ! ಜೀವ ಇದ್ದವರನ್ನ ಸಾಯಿಸಿಬಿಟ್ಟೆ! ನಾಳೆ ತನಕ ಕಾಯೋದಿಲ್ಲ, ಈಗಲೇ ಗೂಟ ಕೀಳ್ತೇನೆ!”

ಸಾವ್ಕಾರ್ರು ಹಜಾರ ನೋಡಿದರು, ದೀಪ ನೋಡಿದರು, ಮೆಲ್ಲಗೆ ಹಿತ್ತಿಲ ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದ ಅಕ್ಕನ ಮಗನನ್ನು ನೋಡಿದರು. ಮೀಸೆಗೆ ಅಂಟಿದ್ದ ಗಂಜಿ ಒರೆಸಿಕೊಂಡರು.

“ಟೆಂಟು ಅಲ್ಲೇ ಇರಲಿ. ಮಳೆ ಹಿಡಿಯೋವರೆಗೆ ಇರಲಿ” ಅಂದರು. “ನಾಳೆಯೂ ಇದೇ ಸಿನಿಮಾ ಹಾಕು. ಆ ಎರಡು ಗುಂಡು, ಆ ಹಾಡು, ಒಂದನ್ನೂ ಕತ್ತರಿಸಬೇಡ.”

ಮುದಲಾಳಿಗೆ ನಂಬಿಕೆ ಬರಲಿಲ್ಲ. “ಹಾರ್ನು ಇಳಿಸಲಾ ಸಾವ್ಕಾರ್ರೇ?”

“ಇಳಿಸಬೇಡ, ತಿರುಗಿಸು! ಮೂರ್ನಾಡಿನ ಕಡೆಗೆ ಮುಖ ಮಾಡಿ ಕಟ್ಟು. ಆ ಕಡೆಯ ನೆಂಟರು ಒಬ್ಬರೂ ಬಂದಿಲ್ಲ.”